ಕಾರ್ಕಸೋನ್: ಹಳೆಯ ಕೋಟೆಯೋ, ಹೊಸದಾಗಿ ಕಟ್ಟಿದ್ದೋ?

ಚೌಬಾರದ ಓದುಗ, ಬೀದರ್:

ನನ್ನ ಮಗಳು ಫ್ರಾನ್ಸಿನ ತುಲೂಸ್‌ನಲ್ಲಿ ವ್ಯಾಸಂಗ ಮಾಡುತ್ತಿದ್ದು, ಬರುವ ಸೆಪ್ಟೆಂಬರ್‌ನಲ್ಲಿ ನಾವು ದಂಪತಿ ಅಲ್ಲಿಗೆ ಹೋಗುವವರಿದ್ದೇವೆ. ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಕಾರ್ಕಸೋನ್ ಪಟ್ಟಣವನ್ನು ನೋಡಬೇಕೆಂಬ ಆಸೆ ನನ್ನದು. ಆದರೆ ಅಲ್ಲಿ ಕಾಣುವುದೆಲ್ಲ 19ನೇ ಶತಮಾನದಲ್ಲಿ ಕಟ್ಟಿದ ನಕಲು ಎಂದು ಅವಳ ಸಹಪಾಠಿಗಳು ಹೇಳುತ್ತಾರಂತೆ. ಬಹಮನಿಗಳ ಕೋಟೆಯ ಮಗ್ಗುಲಲ್ಲೇ ಬೆಳೆದವನಿಗೆ ನಕಲಿ ಕೋಟೆ ನೋಡಲು ಒಂದಿಡೀ ದಿನ ಕೊಡಲು ಮನಸ್ಸು ಬಾರದು. ತಿಳಿದವರು ದಯವಿಟ್ಟು ಹೇಳಬೇಕು.

ಮಾಂಜ್ರಾ ತೀರ, ಬೀದರ್:

ನಕಲು ಎನ್ನುವುದು ಅವಸರದ ಮಾತು. ಓಡ್ ನದಿಯ ಬಲದಂಡೆಯ ದಿಬ್ಬದ ಮೇಲಿರುವ ಈ ಕೋಟೆಗೆ ಎರಡು ಸುತ್ತಿನ ಗೋಡೆಗಳಿದ್ದು, ಅವುಗಳ ಒಟ್ಟು ಉದ್ದ ಸುಮಾರು ಮೂರು ಕಿಲೋಮೀಟರ್, ಗೋಪುರಗಳು 52. ಒಳಸುತ್ತಿನ ಗೋಡೆಯಲ್ಲಿ ಸಣ್ಣ ಕಲ್ಲುಗಳ ನಡುವೆ ಅಲ್ಲಲ್ಲಿ ಕೆಂಪು ಇಟ್ಟಿಗೆಯ ಪಟ್ಟಿಗಳು ಹಾಯ್ದಿರುವುದನ್ನು ನೀವು ಕಾಣುವಿರಿ. ಅದು ರೋಮನ್ ಸಾಮ್ರಾಜ್ಯದ ಕೊನೆಗಾಲದ ಕೆಲಸ. ರೋಮನ್ನರ ನಂತರ ವಿಸಿಗೋಥರೆಂಬ ಜರ್ಮಾನಿಕ್ ಜನಾಂಗದವರು ಆಳಿದರು. 12ನೇ ಶತಮಾನದಲ್ಲಿ ಟ್ರೆಂಕವೆಲ್ ಮನೆತನದವರು ಒಳಗಿನ ಅರಮನೆ-ಕೋಟೆಯನ್ನು ಕಟ್ಟಿಸಿದರು.

ಊರಿನ ಹಣೆಬರಹ ಬದಲಾದದ್ದು 1209ರಲ್ಲಿ. ಚರ್ಚು ಧರ್ಮಭ್ರಷ್ಟರೆಂದು ಸಾರಿದ್ದ ಕ್ಯಾಥರ್ ಪಂಥದವರನ್ನು ಅಡಗಿಸಲು ಪೋಪ್ ಮೂರನೆಯ ಇನೊಸೆಂಟ್ ಕರೆಕೊಟ್ಟ ಧರ್ಮಯುದ್ಧದ ಸೇನೆ, ಜುಲೈನಲ್ಲಿ ಬೆಜಿಯೇ ಪಟ್ಟಣದಲ್ಲಿ ಕಗ್ಗೊಲೆ ನಡೆಸಿ, ಆಗಸ್ಟ್‌ನಲ್ಲಿ ಇಲ್ಲಿಗೆ ಬಂದು ಮುತ್ತಿಗೆ ಹಾಕಿತು. ಆಶ್ರಯಕ್ಕೆ ಬಂದವರಿಂದ ಊರು ಕಿಕ್ಕಿರಿದಿತ್ತು, ಬಿರುಬಿಸಿಲಿನ ಕಾಲ, ನೀರು ಸಾಲದೆ ಎರಡೇ ವಾರಗಳಲ್ಲಿ ಊರು ಶರಣಾಯಿತು. (ಕೋಟೆಯ ಬಲ ಗೋಡೆಯಲ್ಲಿ ಎಷ್ಟಿದೆಯೋ ನೀರಿನಲ್ಲೂ ಅಷ್ಟೇ ಇದೆಯೆಂಬುದನ್ನು ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಕಾಲುವೆಯನ್ನು ನೋಡಿದ ನಮ್ಮ ಬೀದರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಜನರನ್ನು ಉಟ್ಟ ಬಟ್ಟೆಯಲ್ಲೇ ಹೊರಗಟ್ಟಲಾಯಿತು. ಊರಿನ ಒಡೆಯನಾದ ತರುಣ ರೇಮಂ ರೊಜೇ ಟ್ರೆಂಕವೆಲ್ ಅದೇ ನವೆಂಬರ್‌ನಲ್ಲಿ ಸೆರೆಯಲ್ಲೇ ತೀರಿಕೊಂಡ.

1226ರಲ್ಲಿ ಊರು ಫ್ರಾನ್ಸಿನ ದೊರೆಯ ವಶವಾಯಿತು. ಹೊರಸುತ್ತಿನ ಗೋಡೆ ಒಂಬತ್ತನೆಯ ಲೂಯಿಯ ಕಾಲದ್ದು. ಭವ್ಯವಾದ ನಾರ್ಬೋನ್ ಬಾಗಿಲು ಅವನ ಮಗ ಮೂರನೆಯ ಫಿಲಿಪನ ಕಾಲದ್ದು. 1659ರ ಪಿರನೀಸ್ ಒಪ್ಪಂದದಿಂದ ಸ್ಪೇನ್ ಗಡಿ ಇನ್ನೂ ದಕ್ಷಿಣಕ್ಕೆ ಸರಿದ ಮೇಲೆ ಕೋಟೆಗೆ ಕೆಲಸವೇ ಇಲ್ಲದಂತಾಗಿ, ಎರಡು ಗೋಡೆಗಳ ನಡುವಿನ ಬಯಲಿನಲ್ಲಿ ಬಡವರು ಮನೆ ಕಟ್ಟಿಕೊಂಡರು.

ಹಫ್ತ್ ಗುಂಬಜ್, ಕಲಬುರಗಿ:

ಮೇಲಿನವರು ಹೇಳಿದ ಇತಿಹಾಸವೆಲ್ಲ ಸರಿ, ಆದರೆ ಕೇಳಿದ ಪ್ರಶ್ನೆ ದುರಸ್ತಿಯದು. ಕೋಟೆಯನ್ನು ಕೆಡವಲು ಸರ್ಕಾರ 19ನೇ ಶತಮಾನದ ನಡುವಿನಲ್ಲಿ ನಿರ್ಧರಿಸಿದಾಗ, ಸ್ಥಳೀಯ ವಿದ್ವಾಂಸ ಕ್ರೋ ಮೇರ್‌ವಿಯೇಯ್ ಮತ್ತು ಸ್ಮಾರಕಗಳ ಮೇಲ್ವಿಚಾರಕರಾಗಿದ್ದ ಲೇಖಕ ಪ್ರೊಸ್ಪೇರ್ ಮೆರಿಮೆ ಅದನ್ನು ವಿರೋಧಿಸಿದರು. 1853ರಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯೂಕ್ ಕೈಯಲ್ಲಿ ಜೀರ್ಣೋದ್ಧಾರ ಆರಂಭವಾಯಿತು. 1879ರಲ್ಲಿ ಅವರು ತೀರಿಕೊಂಡ ನಂತರವೂ ಕೆಲಸ ಮುಂದುವರಿಯಿತು.

ಗೋಡೆಯ ತಲೆಯ ಮೇಲಿನ ತೆನೆಗಳು ಮತ್ತು ಗೋಪುರಗಳ ಚಾವಣಿಗಳು ಬಹುಪಾಲು ಅವರ ಕಾಲದವು. ಚೂಪಾದ ಕಪ್ಪು ಸ್ಲೇಟ್ ಚಾವಣಿ ಉತ್ತರ ಫ್ರಾನ್ಸಿನ ಪದ್ಧತಿಯೇ ಹೊರತು, ಇಳಿಜಾರು ಕಡಿಮೆಯಿರುವ ಹೆಂಚಿನ ದಕ್ಷಿಣದ್ದಲ್ಲವೆಂಬ ಆಕ್ಷೇಪ ಅಂದಿನಿಂದಲೂ ಇದೆ, ಮತ್ತು ಅದು ನನಗೆ ನ್ಯಾಯವೆಂದೇ ತೋರುತ್ತದೆ. ಕೋಟೆಯೊಳಗಿನ ಸಂತ ನಜೇರ್ ಚರ್ಚಿನ ಪಶ್ಚಿಮದ ಗೋಡೆಗೂ ಅವರು ಕೋಟೆಯ ತೆನೆಗಳನ್ನು ಕೂರಿಸಿದ್ದಾರೆ. ಸ್ಫೋಟದಲ್ಲಿ ಬಿದ್ದುಹೋದ ಬೀದರಿನ ಮಹಮೂದ್ ಗಾವಾನರ ಮದರಸಾದ ಅರ್ಧಭಾಗವನ್ನು ಯಾರಾದರೂ ಊಹೆಯಿಂದ ಕಟ್ಟಿಸಿ, ಉಳಿದಿರುವ ಮಿನಾರಿಗೆ ಜೋಡಿಯನ್ನು ನಿಲ್ಲಿಸಿದ್ದರೆ ನಾನಂತೂ ಒಪ್ಪುತ್ತಿರಲಿಲ್ಲ. ಆದರೂ ಆ ಮನುಷ್ಯ ಕೈಹಾಕದಿದ್ದರೆ ಇಂದು ಚರ್ಚಿಸಲು ಗೋಡೆಗಳೇ ಇರುತ್ತಿರಲಿಲ್ಲವೇನೋ. 1997ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಈ ಜೀರ್ಣೋದ್ಧಾರವನ್ನೂ ಒಂದು ಮಹತ್ವದ ಕಾರಣವಾಗಿ ಎಣಿಸಿತು. ಆದ್ದರಿಂದ ಗೋಡೆಯ ಬುಡವನ್ನು ರೋಮನ್ನರದ್ದೆಂದೂ, ನಡುವನ್ನು 13ನೇ ಶತಮಾನದ್ದೆಂದೂ, ತುದಿಯನ್ನು 19ನೇ ಶತಮಾನದ್ದೆಂದೂ ಬೇರ್ಪಡಿಸಿ ನೋಡಿ.

ಚೌಬಾರದ ಓದುಗ, ಬೀದರ್:

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹೋಗುವುದು ಖಚಿತ. ಕೋಟೆಯನ್ನು ಬಿಟ್ಟರೆ ಅಲ್ಲಿ ನೋಡುವಂಥದ್ದು ಇನ್ನೇನಿದೆ?

ಶಹಾಪುರದ ಪ್ರವಾಸಿ, ಯಾದಗಿರಿ:

ನದಿಯ ಎಡದಂಡೆಯ ಕೆಳ ಊರನ್ನು ಬಿಡಬೇಡಿ. ಹೆಚ್ಚಿನ ಪ್ರವಾಸಿಗರು ಅದನ್ನು ದಾಟಿಕೊಂಡು ಹೋಗುತ್ತಾರೆಯೇ ಹೊರತು ನೋಡುವುದಿಲ್ಲ. 1240ರಲ್ಲಿ ಟ್ರೆಂಕವೆಲ್ ಮನೆತನದ ಉತ್ತರಾಧಿಕಾರಿ ಕೋಟೆಯನ್ನು ಮರಳಿ ಪಡೆಯಲು ಹೋಗಿ ಸೋತಾಗ, ಅವನಿಗೆ ನೆರವಾದ ಹೊರಪೇಟೆಯ ಜನ ಮನೆಮಠ ಕಳೆದುಕೊಂಡರು. ಮುಂದೆ ದೊರೆಯ ಅನುಮತಿಯಿಂದ ನೇರ ಬೀದಿಗಳ ಈ ಹೊಸ ಊರು ಹುಟ್ಟಿತು. 1355ರಲ್ಲಿ ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡ್ ಅದನ್ನು ಸುಟ್ಟರೂ ಮತ್ತೆ ಎದ್ದು, ಬಟ್ಟೆಯ ವ್ಯಾಪಾರದಿಂದ ಸಿರಿವಂತವಾಯಿತು.

1681ರಲ್ಲಿ ತೆರೆದ ಮಿದಿ ಕಾಲುವೆ ಮೊದಲು ಊರನ್ನು ಬಿಟ್ಟು ದೂರದಿಂದ ಹಾದುಹೋಗಿತ್ತು. 1810ರಲ್ಲಿ ಅದನ್ನು ಊರಿನ ಬಳಿಗೆ ತಿರುಗಿಸಲಾಯಿತು. ಈಗ ರೈಲು ನಿಲ್ದಾಣದಿಂದ ಹೊರಬಂದರೆ ಎದುರಿಗೇ ಕಾಲುವೆ. ಅಲ್ಲಿಂದ ಕೆಳ ಊರನ್ನು ಹಾದು, 14ನೇ ಶತಮಾನದ ಹಳೆಯ ಸೇತುವೆಯ ಮೇಲೆ ನಡೆದು ಕೋಟೆಗೆ ಹತ್ತಬಹುದು. ಕೋಟೆಯೊಳಗಿನ ಬೀದಿಗಳಿಗೆ ಶುಲ್ಕವಿಲ್ಲ. ಅರಮನೆ ಮತ್ತು ಗೋಡೆಯ ಮೇಲಿನ ನಡಿಗೆಗೆ ಮಾತ್ರ ಟಿಕೆಟ್ ಬೇಕು. ಸಂತ ನಜೇರ್ ಚರ್ಚಿನ ಬಣ್ಣದ ಗಾಜಿನ ಕಿಟಕಿಗಳಿಗೆ ಬಿಸಿಲಿರುವ ಹೊತ್ತನ್ನೇ ಮೀಸಲಿಡಿ. ಸಸ್ಯಾಹಾರಿಗಳಾಗಿದ್ದರೆ ಒಂದು ಎಚ್ಚರಿಕೆ: ಆ ಸೀಮೆಯ ಹೆಸರಾಂತ ಕಸೂಲೆ ನೋಡಲು ಬರೀ ಬಿಳಿ ಹುರುಳಿಕಾಯಿ ಬೀಜದ ಪಲ್ಯದಂತಿದ್ದರೂ ಅದರಲ್ಲಿ ಹಂದಿ ಅಥವಾ ಬಾತುಕೋಳಿಯ ಮಾಂಸವಿರುತ್ತದೆ.