ಒಂದೇ ಸ್ವರಕ್ಕೆ ಕೋಣೆಯೆಲ್ಲ ಗುಂಯ್ ಅನ್ನುತ್ತದೆ, ಆಂಪ್ಲಿಫೈಯರ್ ಬದಲಿಸಲಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷದಿಂದ ಒಂದೇ ಸೆಟ್ಟಿನಲ್ಲಿ ಹಾಡು ಕೇಳುತ್ತಾ ಬಂದವನು ನಾನು. 50 ವಾಟಿನ ಸ್ಟೀರಿಯೋ ಆಂಪ್ಲಿಫೈಯರ್, ಆರೂವರೆ ಇಂಚಿನ ವೂಫರ್ (ಬೇಸ್, ಅಂದರೆ ಕೆಳಗಿನ ಸ್ವರಗಳನ್ನು ಹೊರಡಿಸುವ ಭಾಗ) ಇರುವ ಟವರ್ ಸ್ಪೀಕರ್ ಜೋಡಿ, ಒಂದು ಸಿಡಿ ಪ್ಲೇಯರ್. ಹಳೆ ಮನೆಯಲ್ಲಿ ಯಾವ ತಕರಾರೂ ಇರಲಿಲ್ಲ. ಮನೆ ಬದಲಾಯಿಸಿದೆವು, ಶುರುವಾಯಿತು ಕಾಟ.

ಬೇಸ್ ಗಿಟಾರಿನವನು ಕೆಳಗಿನ ಒಂದು ಸ್ವರ ಮುಟ್ಟಿದರೆ ಸಾಕು, ಕೋಣೆಯೆಲ್ಲ ಗುಂಯ್ ಅನ್ನುತ್ತದೆ. ಅದರ ಪಕ್ಕದ ಸ್ವರ ಮಾತ್ರ ಬಂದದ್ದೇ ಗೊತ್ತಾಗುವುದಿಲ್ಲ. ಹಾಡುವವರು ಬಚ್ಚಲುಮನೆಯಲ್ಲಿ ನಿಂತು ಹಾಡಿದ ಹಾಗೆ ಕೇಳುತ್ತದೆ. ಸಾಲದ್ದಕ್ಕೆ ಜೋರಾಗಿ ಇಟ್ಟಾಗ ಬಲಗಡೆಯಿಂದ ಜರ್ರ್ ಅಂತ ಒಂದು ಸದ್ದು. ವೂಫರ್ ಹರಿದಿದೆಯೇನೋ ಅಂತ ಭಯ.

ಕೋಣೆ 4.2 ಮೀಟರ್ ಉದ್ದ, 3 ಮೀಟರ್ ಅಗಲ, ಎತ್ತರವೂ 3 ಮೀಟರ್. ನೆಲಕ್ಕೆ ಟೈಲ್ಸ್, ಗೋಡೆ ಬೋಳು, ಬಲಗಡೆ ಒಂದು ಗಾಜಿನ ಬಾಗಿಲಿನ ಪುಸ್ತಕದ ಕಪಾಟು. ಸ್ಪೀಕರ್ ಎರಡೂ ಗೋಡೆಗೆ ಅಂಟಿಕೊಂಡಿವೆ, ಸೋಫಾ ಎದುರಿನ ಗೋಡೆಗೆ ಒರಗಿದೆ. ಗೆಳೆಯನೊಬ್ಬ "100 ವಾಟಿನ ಆಂಪ್ಲಿಫೈಯರ್ ತಗೋ, ಬೇಸ್ ಹಿಡಿತಕ್ಕೆ ಬರುತ್ತೆ" ಅನ್ನುತ್ತಾನೆ. ತಗೊಳ್ಳಲಾ?

ಉತ್ತರ 1

ಬೇಡ ಸರ್, ಸ್ವಲ್ಪ ತಡೆಯಿರಿ. 50 ವಾಟಿನಿಂದ 100ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್ ಅಷ್ಟೇ. ಗುಂಯ್ ಅನ್ನುವುದು ಇನ್ನೂ ಸ್ವಲ್ಪ ಜೋರಾಗಿ ಗುಂಯ್ ಅನ್ನುತ್ತದೆ.

ನಿಮ್ಮ ಕೋಣೆಯ ಅಳತೆಯಲ್ಲೇ ಉತ್ತರ ಇದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ 8.4ರಿಂದ ಭಾಗಿಸಿ. 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಕಂಪನ ಬಂತಲ್ವಾ? ನಾಲ್ಕು ತಂತಿಯ ಬೇಸ್ ಗಿಟಾರಿನಲ್ಲಿ ಎಲ್ಲಕ್ಕಿಂತ ದಪ್ಪ ತಂತಿಯನ್ನು ಒತ್ತದೆ ಮೀಟಿದರೆ ಬರುವುದೂ ಅದೇ 41. ಆ ಸ್ವರ ಎರಡು ಗೋಡೆಗಳ ನಡುವೆ ಸರಿಯಾಗಿ ಅಳೆದಿಟ್ಟ ಹಾಗೆ ಕೂರುತ್ತದೆ, ನಿಲ್ಲಿಸಿದರೂ ನಿಲ್ಲುವುದಿಲ್ಲ. ಅದು ಅತಿ ಜೋರಾಗಿರುವುದು ಗೋಡೆಯ ಹತ್ತಿರ. ನಿಮ್ಮ ಸೋಫಾ ಇರುವುದೂ ಅಲ್ಲೇ.

ನಂಬಿಕೆ ಬರದಿದ್ದರೆ ಫೋನನ್ನು ಆಂಪ್ಲಿಫೈಯರಿಗೆ ಜೋಡಿಸಿ, ಟೋನ್ ಜನರೇಟರ್ (ಬೇಕಾದ ಒಂದೇ ಸ್ವರ ಹೊರಡಿಸುವ ಆ್ಯಪ್) ಹಾಕಿ 41 ಹರ್ಟ್ಜ್ ಬಿಡಿ. ಸಣ್ಣ ವಾಲ್ಯೂಮಿನಲ್ಲಿ ಮಾತ್ರ, ಒಂದೇ ಸ್ವರವನ್ನು ಜೋರಾಗಿ ಬಿಟ್ಟರೆ ವೂಫರ್ ಸುಟ್ಟೀತು. ಆಮೇಲೆ ಸೋಫಾದಿಂದ ಎದ್ದು ಸ್ಪೀಕರಿನ ಕಡೆ ನಿಧಾನ ನಡೆಯಿರಿ.

ಅಗಲ, ಎತ್ತರ ಎರಡೂ 3 ಮೀಟರ್ ಆಗಿರುವುದೂ ತೊಂದರೆಯೇ. ಎರಡೂ 57 ಹರ್ಟ್ಜ್‌ಗೇ ಬಂದು ಸೇರುತ್ತವೆ. ಅದನ್ನು ಆಮೇಲೆ ನೋಡೋಣ.

ಉತ್ತರ 2

ಮೇಲಿನವರು ಬೇಸ್ ಬಗ್ಗೆ ಹೇಳಿದ್ದು ಸರಿ. ಬಚ್ಚಲುಮನೆಯ ದನಿಗೆ ಕಾರಣ ಬೇರೆ. ಕೋಣೆ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟ್ರ್ರ್ ಅಂತ ಬಾಲ ಎಳೆದರೆ ಬೋಳು ಗೋಡೆಗಳು ಸದ್ದನ್ನು ಒಂದಕ್ಕೊಂದು ಎಸೆದಾಡುತ್ತಿವೆ ಅಂತ ಅರ್ಥ. ನೆಲಕ್ಕೊಂದು ದಪ್ಪ ಜಮಖಾನ ಹಾಸಿ. ನೀವು ಕೂರುವ ಜಾಗದಲ್ಲೇ ಕೂತು, ಇನ್ನೊಬ್ಬರಿಗೆ ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಲು ಹೇಳಿ. ಎಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲಿ ಪೆನ್ಸಿಲ್ ಗುರುತು, ಸದ್ದು ಗೋಡೆಗೆ ಬಡಿದು ನಿಮ್ಮ ಕಡೆ ತಿರುಗುವುದು ಅಲ್ಲೇ. ಅಲ್ಲಿಗೆ 5 ಸೆಂಟಿಮೀಟರ್ ದಪ್ಪದ ರಾಕ್‌ವೂಲ್ (ಸದ್ದು ಹೀರುವ ಕಲ್ಲಿನ ನಾರು) ಪ್ಯಾನೆಲ್, ಗೋಡೆಯಿಂದ ಇನ್ನೊಂದು 5 ಸೆಂಟಿಮೀಟರ್ ಬಿಟ್ಟು. ಮೇಲೆ ಹೊದಿಸುವ ಬಟ್ಟೆಗೆ ಬಾಯಿಟ್ಟು ಊದಿದರೆ ಗಾಳಿ ದಾಟಬೇಕು. ಕೆಲಸ ಮಾಡುವಾಗ ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ಇಲ್ಲದಿದ್ದರೆ ರಾತ್ರಿಯೆಲ್ಲ ಕೆರೆದುಕೊಳ್ಳುತ್ತೀರಿ.

ಮೊಟ್ಟೆ ಟ್ರೇ ಅಂಟಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ತೆಳು ಫೋಮೂ ಅಷ್ಟೇ. ಮೇಲಿನ ಸ್ವರಗಳನ್ನಷ್ಟೇ ನುಂಗುತ್ತದೆ, ಬೇಸಿನ ಕೂದಲೂ ಕೊಂಕುವುದಿಲ್ಲ.

ಉತ್ತರ 3

ಈಕ್ವಲೈಜರ್ (ಬೇಕಾದ ಸ್ವರಗಳನ್ನಷ್ಟೇ ಏರಿಸಿ ಇಳಿಸುವ ಸಾಧನ) ಇದ್ದರೆ 41 ಹರ್ಟ್ಜ್‌ನಲ್ಲಿ ಸ್ವಲ್ಪ ತಗ್ಗಿಸಿ ನೋಡಿ. ಉಬ್ಬಿದ್ದನ್ನು ಇಳಿಸಬಹುದು, ಹಳ್ಳ ತುಂಬಲು ಹೋಗಬೇಡಿ. ಗೋಡೆಯಿಂದ ಮರಳಿ ಬಂದ ಅಲೆ ಅಳಿಸಿಹಾಕಿದ ಸ್ವರ ಅದು. ಎಷ್ಟು ಸುರಿದರೂ ಅಷ್ಟನ್ನೂ ಅಳಿಸುತ್ತದೆ. ಅಷ್ಟಾಗಿಯೂ ಹೊಸದು ತಗೊಳ್ಳಲೇಬೇಕು ಅನ್ನಿಸಿದರೆ ಸ್ಪೀಕರ್ ತಗೊಳ್ಳಿ, ಆಂಪ್ಲಿಫೈಯರ್ ಅಲ್ಲ.

ಪ್ರಶ್ನೆ ಕೇಳಿದವರು, ಒಂದು ವಾರದ ನಂತರ

ಮೊದಲು ಆ 41ರ ಕಥೆ. ಸೋಫಾದಲ್ಲಿ ಕೂತಾಗ ಕಿವಿ ಅದುಮಿದ ಹಾಗಿತ್ತು. ಎದ್ದು ನಾಲ್ಕು ಹೆಜ್ಜೆ ಇಟ್ಟೆ, ಕೋಣೆಯ ನಡುವೆ ಬಂದರೆ ಸದ್ದೇ ಇಲ್ಲ! ಕರೆಂಟ್ ಹೋಯಿತೇನೋ ಅಂತ ತಿರುಗಿ ನೋಡಿದೆ. ವೂಫರ್ ನಡುಗುತ್ತಲೇ ಇತ್ತು. ಮಗಳನ್ನು ಕರೆದು ಅವಳನ್ನೂ ನಡೆಸಿದೆ. "ಅಪ್ಪಾ, ಇದು ದೆವ್ವದ ಆಟ" ಅಂದಳು. ನಡುವೆಯೇ ಕೂರೋಣ ಅಂದುಕೊಂಡೆ, ಅಲ್ಲಿ 41ರ ಎರಡರಷ್ಟು, 82 ಹರ್ಟ್ಜ್ ಎದ್ದು ಕುಣಿಯಿತು. ಕೊನೆಗೆ ತಲೆ ಹಿಂದಿನ ಗೋಡೆಯಿಂದ 1.5 ಮೀಟರ್ ಮುಂದೆ ಇರುವ ಹಾಗೆ ಸೋಫಾ ನಿಂತಿತು. ಸ್ಪೀಕರ್‌ಗಳನ್ನು ಗೋಡೆಯಿಂದ 70 ಸೆಂಟಿಮೀಟರ್ ಎಳೆದೆ, ಪಕ್ಕದ ಗೋಡೆಗೆ 50 ಬಿಟ್ಟೆ. ಗುಂಯ್ ಪೂರ್ತಿ ಹೋಗಿಲ್ಲ, ಆದರೆ ಬೇಸ್ ಗಿಟಾರಿನವನು ಈಗ ಬೇರೆ ಬೇರೆ ಸ್ವರ ನುಡಿಸುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಖರ್ಚು ಸೊನ್ನೆ. ಕೋಣೆಯ ನಡುವೆ ಸೋಫಾ ಬಂದು ಕೂತಿದ್ದಕ್ಕೆ ಮನೆಯವರ ಮುಖ ನೋಡಬೇಕಿತ್ತು, ಅದು ಬೇರೆ ಮಾತು.

ಜಮಖಾನ ಹಾಸಿದ್ದೇನೆ, ದನಿ ಹತ್ತಿರ ಬಂದಿದೆ. ಪ್ಯಾನೆಲ್ ಎರಡು ಮಾಡಬೇಕು. ಕನ್ನಡಿ ಹಿಡಿದವಳು ಮಗಳೇ, ಗುರುತನ್ನು ಪೆನ್ಸಿಲ್ ಬದಲು ಸ್ಕೆಚ್ ಪೆನ್ನಿನಲ್ಲಿ ಹಾಕಿದ್ದಾಳೆ.

ಇನ್ನು ಆ ಜರ್ರ್ ಸದ್ದು. 57 ಹರ್ಟ್ಜ್ ಬಿಟ್ಟಾಗ ಮತ್ತೆ ಬಂತು. ಬಲಗಡೆಯ ವೂಫರ್ ಹತ್ತಿರ ಕಿವಿ ಇಟ್ಟೆ, ಅದರ ದನಿ ಶುದ್ಧ. ಕಪಾಟಿನ ಗಾಜಿಗೆ ಬೆರಳು ಒತ್ತಿದೆ, ತಟ್ಟನೆ ನಿಂತಿತು. ಬೆರಳು ತೆಗೆದೆ, ಜರ್ರ್. ಹನ್ನೆರಡು ವರ್ಷದ ಸ್ಪೀಕರನ್ನು ಸುಮ್ನೆ ಅನುಮಾನಿಸಿದೆ. ಗಾಜಿನ ಸಂದಿಗೆ ಈಗ ಮಡಚಿದ ಬಟ್ಟೆ ಚೂರು ಸಿಕ್ಕಿಸಿದ್ದೇನೆ. ಫೆಲ್ಟ್ ಅಂಟಿಸಿದರೆ ಸಾಕಾ, ಅಥವಾ ರಬ್ಬರ್ ಒಳ್ಳೆಯದಾ?