ಸಹಾಯ ಬೇಕು: ಡೀಲರ್ ಹತ್ರ ಹಳೇ ಕಾರಿಗೆ ಚೌಕಾಸಿ

ಎಲ್ಲರಿಗೂ ನಮಸ್ಕಾರ. ಏಳು ವರ್ಷದ ಪೆಟ್ರೋಲ್ ಕಾರು. ಟೈರಿನ ಮೇಲಿನ ಕೋಡ್‌ನ ಕೊನೆಯ ನಾಲ್ಕಂಕಿ 2318, ಅಂದರೆ 2018ರ 23ನೇ ವಾರದ್ದು. ಟ್ರೆಡ್ (ಟೈರಿನ ಮೇಲಿನ ಗೀರು) ಆಳ 2 ಮಿ.ಮೀ. ಮಾತ್ರ, ನಾಲ್ಕೂ ಬದಲಿಸಲೇಬೇಕು. ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗೆ ವಾಲ್ವ್, ಪಿಸ್ಟನ್ ಚಲನೆ ಹೊಂದಿಸುವ ಪಟ್ಟಿ) ಹೊಸದು ಹಾಕಿಸಿದ ದಾಖಲೆ ಇಲ್ಲ. ಈ ಎಂಜಿನ್‌ನಲ್ಲಿ ಅದು ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿದು ದೊಡ್ಡ ಖರ್ಚು. ಇವೆರಡಕ್ಕೂ ಗ್ಯಾರೇಜಿನಿಂದ ಲಿಖಿತ ಅಂದಾಜು ತಂದು, ಅಷ್ಟೂ ಕಳೆಯಿರಿ ಅಂತ ಕೇಳೋದು ಸರಿ.

ತೊಡಕು ಎಡಬಾಗಿಲಿನದು. ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್ ಅಲ್ಲಿ 350 ಮೈಕ್ರಾನ್, ಉಳಿದ ಕಡೆ 120 ತೋರಿಸುತ್ತೆ. ಮತ್ತೆ ಬಣ್ಣ ಹೊಡೆದಿರೋದು ಬಹುತೇಕ ಖಚಿತ. ಇದಕ್ಕೆ ಎಷ್ಟು ಇಳಿಸಿ ಕೇಳಬೇಕು?

ಇನ್ನೊಂದು, ಡೀಲರ್ ಮಾತನ್ನು ತಿಂಗಳ ಕಂತಿನ ಕಡೆಗೇ ಎಳೆಯುತ್ತಾರೆ. ಸಾಲದ ಅವಧಿ ಉದ್ದವಾದಷ್ಟೂ ಕಟ್ಟುವ ಒಟ್ಟು ಬಡ್ಡಿ ಜಾಸ್ತಿ. ಮೊದಲು ಒಟ್ಟು ಬೆಲೆ ಮುಗಿಸಿ, ಆಮೇಲೆ ನನ್ನ ಹತ್ರ ಈಗಿರುವ ಗಾಡಿಯ ಎಕ್ಸ್‌ಚೇಂಜ್ ಮಾತು ಎತ್ತಬೇಕೇ, ಇಲ್ಲ ಒಟ್ಟಿಗೇನಾ? ಬಲ್ಲವರು ದಯವಿಟ್ಟು ತಿಳಿಸಿ.