ವಿಂಡೋಸ್ 8 ಕನ್ಸ್ಯೂಮರ್ ಪ್ರಿವ್ಯೂ: ಡಿಟಿಪಿ ಮಷಿನ್‌ನ್ಯಾಗ ನುಡಿ, ಶಟ್‌ಡೌನ್, ಎರಡು ಓಎಸ್ ತೊಡಕು

ಬೆಟಗೇರಿ_ಡಿಟಿಪಿ (ಗದಗ), ಏಪ್ರಿಲ್ 2012

ನಮಸ್ಕಾರ್ರಿ. ಫೆಬ್ರುವರಿ 29ಕ್ಕ ಬಿಟ್ಟ ವಿಂಡೋಸ್ 8 ಕನ್ಸ್ಯೂಮರ್ ಪ್ರಿವ್ಯೂ (ಮಂದಿ ಹಾಕಿ ನೋಡ್ಲಿ ಅಂತ ಬಿಟ್ಟ ಪರೀಕ್ಷಾ ಆವೃತ್ತಿ), ಬಿಲ್ಡ್ 8250, 32 ಬಿಟ್. ಪ್ರೆಸ್ಸಿನ ಒಂದು ಮಷಿನ್‌ಗೆ ಹಾಕೇವಿ. ಕೋರ್ 2 ಡ್ಯುಯೋ, ಮೆಮೊರಿ 2 ಜಿಬಿ, ಮಾನಿಟರ್ 1024×768. ವಿಂಡೋಸ್ 7 ತೆಗದಿಲ್ಲ, ಡಿವಿಡಿಯಿಂದ ಬೂಟ್ ಮಾಡಿ ಬ್ಯಾರೆ ಪಾರ್ಟಿಶನ್‌ಗೆ ಕೂಡ್ರಿಸೇವಿ. ಡೇಟಾ ಪಾರ್ಟಿಶನ್ ಎರಡಕ್ಕೂ ಒಂದ. ತೊಡಕು ಇವು:

1. ಸ್ಟಾರ್ಟ್ ಬಟನ್ ಇಲ್ಲ. ಶಟ್‌ಡೌನ್ ಎಲ್ಲೈತಿ ಅಂತ ಹುಡುಗರು ದಿನಾ ಕೇಳ್ತಾರ. ರಿಜಿಸ್ಟ್ರಿಯೊಳಗ (ವಿಂಡೋಸಿನ ಒಳಗಿನ ಸೆಟ್ಟಿಂಗ್ ಇರೂ ಜಾಗಾ) ಆರ್‌ಪಿಎನೇಬಲ್ಡ್ ಸೊನ್ನಿ ಮಾಡಿದ್ರ ಹಳೇ ಮೆನು ಬರ್ತೈತಿ ಅಂತ ಓದಿದ್ದು ಸುಳ್ಳಾತು.
2. ನುಡಿ 4.0 (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ನೋಟ್‌ಪ್ಯಾಡಿನ್ಯಾಗ ಟೈಪ್ ಆಗ್ತೈತಿ, ಪುಟ ಕಟ್ಟೂ ಪೇಜ್‌ಮೇಕರ್‌ನ್ಯಾಗ ಆಗೂದಿಲ್ಲ. ಅದ ಮಷಿನ್, ವಿಂಡೋಸ್ 7ರಾಗ ಎರಡೂ ಆಗ್ತಾವ.
3. ಯುನಿಕೋಡ್ (ಎಲ್ಲಾ ಕಂಪ್ಯೂಟರಿನ್ಯಾಗ ಒಂದ ಇರೂ ಅಕ್ಷರ ಸಂಕೇತ) ಕೆಲಸಕ್ಕ ವಿಂಡೋಸಿನ ಕನ್ನಡ ಕೀಲಿಮಣಿ ಹಾಕೇವಿ. ವರ್ಡಿನ್ಯಾಗ ಕನ್ನಡ ಮಾಡಿದ್ರ ಬ್ರೌಸರ್‌ನ್ಯಾಗೂ ಕನ್ನಡ ಆಗಿ ಕೂಡ್ತೈತಿ.
4. ಬಿಲ್ಲಿಂಗ್ ಸಾಫ್ಟ್‌ವೇರ್ ಡಾಟ್ ನೆಟ್ 3.5 (ಕೆಲವು ಸಾಫ್ಟ್‌ವೇರ್ ಓಡಾಕ ಬೇಕಾಗೂ ಮೈಕ್ರೋಸಾಫ್ಟಿನ ಭಾಗ) ಕೇಳ್ತೈತಿ. ಇಲ್ಲಿಯ ನೆಟ್ಟಿನ ಮ್ಯಾಲೆ ಇಳಿಸೂದು ಅಂದ್ರ ಕಾಯೂದ ಕೆಲಸ.
5. ವಿಂಡೋಸ್ 7ಕ್ಕ ಹೋದಾಗೊಮ್ಮೆ ಡೇಟಾ ಪಾರ್ಟಿಶನ್ ಮ್ಯಾಲೆ ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿ ಮಾಡೂ ಪ್ರೋಗ್ರಾಮ್) ಓಡ್ತೈತಿ. ಲಗ್ನಪತ್ರಿಕಿ ಫೈಲ್ ಎಲ್ಲಾ ಅದರಾಗ ಅದಾವ. ಇದು ಹೆದರಿಕಿ.

ಕೊಪ್ಪೀಕರ್_ರೋಡ್ (ಹುಬ್ಬಳ್ಳಿ)

ಒಂದನೇದಕ್ಕ ಉತ್ತರ. ಆರ್‌ಪಿಎನೇಬಲ್ಡ್ ಆಟ ನಡೀತಿದ್ದದ್ದು 2011 ಸೆಪ್ಟೆಂಬರಿನ ಡೆವಲಪರ್ ಪ್ರಿವ್ಯೂದಾಗ. ಕನ್ಸ್ಯೂಮರ್ ಪ್ರಿವ್ಯೂದಾಗ ಅದನ್ನ ಕಿತ್ತು ಹಾಕ್ಯಾರ. ಆ ಸಲಹೆ ಇನ್ನೂ ಎಲ್ಲಾ ಕಡೆ ತಿರಗ್ಯಾಡಾಕತ್ತೈತಿ, ಕಿವಿಗೆ ಹಾಕ್ಕೋಬ್ಯಾಡ್ರಿ.

ಶಟ್‌ಡೌನ್: ವಿಂಡೋಸ್ ಕೀ ಮತ್ತ ಐ ಕೂಡಿಸಿ ಒತ್ರಿ, ಬಲಕ್ಕ ಪಟ್ಟಿ ಬರ್ತೈತಿ, ಅದರಾಗ ಪವರ್. ಇಲ್ಲಾ, ಡೆಸ್ಕ್‌ಟಾಪ್ ಮ್ಯಾಲೆ ಖಾಲಿ ಜಾಗಾ ಒತ್ತಿ ಆಲ್ಟ್ ಮತ್ತ ಎಫ್4. ಇದು ಹಳೇ ಡಬ್ಬಿನ, ಹುಡುಗರಿಗೆ ಲಗೂ ರೂಢಿ ಆಗ್ತೈತಿ.

ಎಡಕ್ಕ ಕೆಳಗಿನ ಮೂಲ್ಯಾಗ ಮೌಸ್ ಒಯ್ದು ಬಲ ಗುಂಡಿ ಒತ್ರಿ, ಇಲ್ಲಾ ವಿಂಡೋಸ್ ಕೀ ಮತ್ತ ಎಕ್ಸ್. ಕಂಟ್ರೋಲ್ ಪ್ಯಾನೆಲ್, ಡಿಸ್ಕ್ ಮ್ಯಾನೇಜ್‌ಮೆಂಟ್, ರನ್, ಅಡ್ಮಿನ್ ಕಮಾಂಡ್ ಪ್ರಾಂಪ್ಟ್, ಟಾಸ್ಕ್ ಮ್ಯಾನೇಜರ್ ಎಲ್ಲಾ ಅಲ್ಲೇ ಅದಾವ. ಈ ಇಡೀ ಪ್ರಿವ್ಯೂದಾಗ ನಮ್ಮಂಥವರಿಗೆ ಉಪಯೋಗ ಬೀಳೂದು ಅಂದ್ರ ಇದೊಂದ ಅನ್ನಬೇಕು. ಸ್ಟಾರ್ಟ್ ಸ್ಕ್ರೀನಿನ್ಯಾಗ ಸಾಫ್ಟ್‌ವೇರ್ ಹುಡುಕೂ ಅವಶ್ಯನ ಇಲ್ಲ, ಅಲ್ಲೆ ನಿಂತು ಹೆಸರು ಟೈಪ್ ಮಾಡಾಕ ಸುರು ಮಾಡ್ರಿ. ಆದರ ಹುಡುಕಿದ್ದು ಕಂಟ್ರೋಲ್ ಪ್ಯಾನೆಲ್ಲಿನ ಸಾಮಾನಾಗಿದ್ರ ಫಲಿತಾಂಶ ಬ್ಯಾರೆ ಮನ್ಯಾಗ ಕುಂತಿರ್ತೈತಿ. ಬಲಕ್ಕ ‘ಸೆಟ್ಟಿಂಗ್ಸ್’ ಒತ್ತಿದ ಮ್ಯಾಲೇನ ಕಾಣ್ತೈತಿ.

ಫೋಟೋ, ಪಿಡಿಎಫ್ ತೆರದ್ರ ಇಡೀ ಪರದೆ ತುಂಬತಾವಲ್ಲ, ಅದಕ್ಕ ಕಂಟ್ರೋಲ್ ಪ್ಯಾನೆಲ್, ಡೀಫಾಲ್ಟ್ ಪ್ರೋಗ್ರಾಮ್ಸ್‌ಗೆ ಹೋಗಿ ಜೆಪೆಗ್, ಟಿಫ್, ಪಿಡಿಎಫ್ ಮೂರನ್ನೂ ಡೆಸ್ಕ್‌ಟಾಪ್ ಸಾಫ್ಟ್‌ವೇರಿಗೆ ಕಟ್ಟಿಬಿಡ್ರಿ. ಪ್ರೂಫ್ ನೋಡೋ ಮಂದಿಗೆ ಎರಡು ಕಿಟಕಿ ಬಾಜೂಕ ಬೇಕs ಬೇಕು. ಮೆಟ್ರೋ ಆ್ಯಪ್ (ಇಡೀ ಪರದೆ ತುಂಬೂ ಹೊಸ ನಮೂನಿದು) ಬಾಜೂಕ ಹಚ್ಚಾಕ 1366 ಪಿಕ್ಸೆಲ್ ಅಗಲ ಕೇಳ್ತೈತಿ, ನಿಮ್ಮದು 1024.

ಸಾಧನಕೇರಿ_ಲಿಪಿ (ಧಾರವಾಡ)

ಎರಡು ಮತ್ತು ಮೂರನೆಯ ಪ್ರಶ್ನೆ ಮೇಲ್ನೋಟಕ್ಕೆ ಒಂದೇ ತರಹ ಕಾಣುತ್ತವೆ, ಕಾರಣ ಬೇರೆ ಬೇರೆ.

ಮೊದಲು ಪೇಜ್‌ಮೇಕರ್. ನುಡಿ ಮಾಡುವ ಕೆಲಸ ಇಷ್ಟು: ಒತ್ತಿದ ಕೀಲಿಯನ್ನು ಮಧ್ಯೆಯೇ ಹಿಡಿದು, ಅದರ ಬದಲು ನುಡಿ ಫಾಂಟಿನ ಸಂಕೇತವನ್ನು ಎದುರಿನ ಕಿಟಕಿಗೆ ಕಳಿಸುವುದು. ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಓಡುತ್ತಿರುವ ಕಿಟಕಿಗೆ ಸಾಮಾನ್ಯ ಹಕ್ಕಿನ ಪ್ರೋಗ್ರಾಮು ಹೀಗೆ ಕೈ ಹಾಕುವುದನ್ನು ವಿಂಡೋಸ್ ವಿಸ್ಟಾ ಕಾಲದಿಂದಲೂ ತಡೆಯುತ್ತಿದೆ. ನಿಮ್ಮ ಪೇಜ್‌ಮೇಕರ್ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಗಿಯೂ ನುಡಿ ಮಾಮೂಲಿಯಾಗಿಯೂ ಓಡುತ್ತಿರಬೇಕು. ಹಾಗಿದ್ದರೆ ವಿಂಡೋಸ್ 7ರಲ್ಲಿ ಹೇಗೆ ನಡೆಯುತ್ತಿತ್ತು? ಅಲ್ಲಿ ಯುಎಸಿಯ (ಅಡ್ಮಿನ್ ಹಕ್ಕು ಕೊಡುವ ಮೊದಲು ಅನುಮತಿ ಕೇಳುವ ವ್ಯವಸ್ಥೆ) ಸ್ಲೈಡರನ್ನು ಪೂರ್ತಿ ಕೆಳಕ್ಕೆ ಎಳೆದಿರುತ್ತೀರಿ. ಡಿಟಿಪಿ ಅಂಗಡಿಗಳಲ್ಲಿ ಎಲ್ಲರೂ ಮಾಡುವ ಕೆಲಸವೇ ಅದು. ಆಗ ಎಲ್ಲ ಪ್ರೋಗ್ರಾಮೂ ಒಂದೇ ಮಟ್ಟದಲ್ಲಿ ಓಡುತ್ತವೆ, ಜಗಳವಿಲ್ಲ. ವಿಂಡೋಸ್ 8ರಲ್ಲಿ ಆ ಸ್ಲೈಡರನ್ನು ತಳಕ್ಕೆ ಎಳೆದರೂ ಮರೆಯಾಗುವುದು ಎಚ್ಚರಿಕೆಯ ಡಬ್ಬಿ ಮಾತ್ರ. ಒಳಗಿನ ಎರಡು ಮಟ್ಟ ಹಾಗೆಯೇ ಉಳಿಯುತ್ತದೆ.

ಪರಿಹಾರ: ನುಡಿಯ ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ‘ರನ್ ದಿಸ್ ಪ್ರೋಗ್ರಾಮ್ ಆ್ಯಸ್ ಆ್ಯನ್ ಅಡ್ಮಿನಿಸ್ಟ್ರೇಟರ್’ಗೆ ಟಿಕ್. ನುಡಿ ಮೇಲಿನ ಮಟ್ಟದಲ್ಲಿದ್ದರೆ ಕೆಳಗಿನ ನೋಟ್‌ಪ್ಯಾಡಿಗೂ ಬರೆಯಬಲ್ಲದು, ಪೇಜ್‌ಮೇಕರಿಗೂ ಬರೆಯಬಲ್ಲದು. ಪೇಜ್‌ಮೇಕರ್‌ನ ಟಿಕ್ ತೆಗೆದು ಅದನ್ನೇ ಕೆಳಗಿಳಿಸಬಹುದು, ಆದರೆ ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೆಯಲು ಹೋಗುವ ಹಳೆಯ ಸಾಫ್ಟ್‌ವೇರ್ ಆಗ ಬೇರೆ ರಗಳೆ ತೆಗೆಯುತ್ತದೆ. ರಿಜಿಸ್ಟ್ರಿಯಲ್ಲಿ ಎನೇಬಲ್‌ಎಲ್‌ಯುಎ ಸೊನ್ನೆ ಮಾಡಿ, ಅಂದರೆ ಯುಎಸಿಯನ್ನೇ ಪೂರ್ತಿ ಬಂದ್ ಮಾಡಿ, ಅನ್ನುವವರೂ ಸಿಗುತ್ತಾರೆ. ಮಾಡಿದರೆ ನುಡಿ ನಡೆಯುತ್ತದೆ ಸರಿ, ಮೆಟ್ರೋ ಆ್ಯಪ್ ಒಂದೂ ತೆರೆಯುವುದಿಲ್ಲ.

ಇನ್ನು ಭಾಷೆ. ವಿಂಡೋಸ್ 7ರವರೆಗೆ ಪ್ರತಿ ಕಿಟಕಿಯೂ ತನ್ನ ಕೀಲಿಮಣಿಯನ್ನು ತಾನೇ ನೆನಪಿಟ್ಟುಕೊಳ್ಳುತ್ತಿತ್ತು. ವರ್ಡಿನಲ್ಲಿ ಕನ್ನಡ, ಬ್ರೌಸರಿನಲ್ಲಿ ಇಂಗ್ಲಿಷ್. 8ರಲ್ಲಿ ಒಮ್ಮೆ ಬದಲಿಸಿದರೆ ಎಲ್ಲ ಕಡೆಗೂ ಬದಲಾಗುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ಒಂದೇ ಭಾಷೆಯಲ್ಲಿ ದಿನ ಕಳೆಯುವವರು ಕೂತು ತೀರ್ಮಾನಿಸಿದಂತಿದೆ. ಹಳೆಯ ರೀತಿ ಬೇಕಿದ್ದರೆ ಕಂಟ್ರೋಲ್ ಪ್ಯಾನೆಲ್, ಲ್ಯಾಂಗ್ವೇಜ್, ಎಡಬದಿಯ ಅಡ್ವಾನ್ಸ್ಡ್ ಸೆಟ್ಟಿಂಗ್ಸ್. ಅಲ್ಲಿ ‘ಲೆಟ್ ಮಿ ಸೆಟ್ ಎ ಡಿಫರೆಂಟ್ ಇನ್‌ಪುಟ್ ಮೆಥಡ್ ಫಾರ್ ಈಚ್ ಆ್ಯಪ್ ವಿಂಡೋ’ ಎಂಬುದಕ್ಕೆ ಟಿಕ್ ಹಾಕಿ ಸೇವ್ ಮಾಡಿ. ಬದಲಿಸಲು ವಿಂಡೋಸ್ ಕೀ ಮತ್ತು ಸ್ಪೇಸ್. ಹಳೆಯ ಎಡ ಆಲ್ಟ್ ಮತ್ತು ಶಿಫ್ಟ್ ಕೂಡ ನಡೆಯುತ್ತದೆ. ಅಚ್ಚಿನ ಕೆಲಸದವರಿಗೆ ಕಷ್ಟ ಕೊಡುವುದೂ ಅದೇ: ಬೇರೇನೋ ಶಾರ್ಟ್‌ಕಟ್ ಒತ್ತುವಾಗ ಬೆರಳು ತಾಗಿ ಭಾಷೆ ಹಾರುತ್ತದೆ.

ನುಡಿಯಲ್ಲಿ ಕೂಡುವಾಗ ವಿಂಡೋಸಿನ ಕೀಲಿಮಣಿ ಇಂಗ್ಲಿಷಿನಲ್ಲೇ ಇರಲಿ. ಅದು ಕನ್ನಡದಲ್ಲಿದ್ದು ಮೇಲೆ ನುಡಿಯೂ ಆನ್ ಆದರೆ ವಿಂಡೋಸಿನ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸ, ನುಡಿಯ ಕೆಜಿಪಿ ವಿನ್ಯಾಸ ಎರಡೂ ಕಲಸಿಕೊಳ್ಳುತ್ತವೆ. ಆ ಇಂಗ್ಲಿಷನ್ನು ‘ಇಂಗ್ಲಿಷ್ ಇಂಡಿಯಾ’ ಎಂದು ಆರಿಸಿಕೊಂಡರೆ ಬಲ ಆಲ್ಟ್ ಮತ್ತು 4 ಒತ್ತಿ ₹ ಪಡೆಯಬಹುದು. ಬಿಲ್ಲಿಗೆ, ವರ್ಡಿಗೆ ಸರಿ. ಪೇಜ್‌ಮೇಕರ್ ಯುನಿಕೋಡ್ ಅರಿಯದು, ಅಲ್ಲಿ ಈ ಚಿಹ್ನೆ ಹೀಗೆ ಬರುವುದಿಲ್ಲ.

ಬೆಟಗೇರಿ_ಡಿಟಿಪಿ

ನುಡಿ ಅಡ್ಮಿನ್ ಮಾಡಿದ ಕೂಡಲೇ ಪೇಜ್‌ಮೇಕರ್‌ನ್ಯಾಗ ಅಕ್ಷರ ಬಂದ್ವು. ಭಾಷಾದ ಟಿಕ್ಕೂ ಹಾಕಿದ್ವಿ. ಉಪಕಾರ ಆತ್ರಿ. 4 ಮತ್ತ 5 ಉಳದಾವ.

ರಾಣೆಬೆನ್ನೂರು_ನೆಟ್

ಡಾಟ್ ನೆಟ್ 3.5 ನಿಮ್ಮ ಡಿವಿಡಿಯಲ್ಲೇ ಇದೆ, ಇಳಿಸುವುದು ಬೇಡ. ಮಾಮೂಲಿ ದಾರಿಯಲ್ಲಿ, ಅಂದರೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಟಿಕ್ ಹಾಕಿದರೆ, ಅದು ನೆಟ್ಟಿಗೇ ಹೋಗುತ್ತದೆ. ಬದಲಿಗೆ ಡಿವಿಡಿ ಹಾಕಿ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಆದೇಶವನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ:

ಡಿಸ್ಮ್ /ಆನ್‌ಲೈನ್ /ಎನೇಬಲ್-ಫೀಚರ್ /ಫೀಚರ್‌ನೇಮ್:ನೆಟ್‌ಎಫ್‌ಎಕ್ಸ್3 /ಆಲ್ /ಸೋರ್ಸ್:ಎಫ್:\ಸೋರ್ಸಸ್\ಎಸ್‌ಎಕ್ಸ್‌ಎಸ್ /ಲಿಮಿಟ್‌ಆಕ್ಸೆಸ್

‘ಎಫ್’ ಇರುವ ಜಾಗದಲ್ಲಿ ನಿಮ್ಮ ಡಿವಿಡಿ ಡ್ರೈವಿನ ಅಕ್ಷರ. ಕೊನೆಯ ಲಿಮಿಟ್‌ಆಕ್ಸೆಸ್ ಬಿಟ್ಟರೆ ಮತ್ತೆ ನೆಟ್ ಹುಡುಕಲು ಹೋಗಬಹುದು. ಇದರಲ್ಲೇ 2.0 ಮತ್ತು 3.0 ಕೂಡ ಬರುತ್ತವೆ. ಡಿವಿಡಿ ಅದೇ ಬಿಲ್ಡಿನದಾಗಿರಬೇಕು.

ಚೆಕ್‌ಡಿಸ್ಕ್ ವಿಷಯ ಗಂಭೀರ. ವಿಂಡೋಸ್ 8ರ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ನಿಮ್ಮ ಪ್ರೋಗ್ರಾಮುಗಳನ್ನು ಮುಚ್ಚುತ್ತದೆ, ಆದರೆ ಕರ್ನಲ್ಲನ್ನು, ಅಂದರೆ ವಿಂಡೋಸಿನ ತಿರುಳನ್ನು, ಹೈಬರ್ನೇಟ್ ಫೈಲಿಗೆ ಬರೆದಿಟ್ಟು ಮಲಗುತ್ತದೆ. ಮರುದಿನ ಬೇಗ ಏಳುವುದು ಅದಕ್ಕೇ. ಆ ಬರೆದಿಟ್ಟ ನೆನಪಿನಲ್ಲಿ ಡೇಟಾ ಪಾರ್ಟಿಶನ್ ಇನ್ನೂ ತೆರೆದೇ ಇದೆ. ನಡುವೆ ವಿಂಡೋಸ್ 7 ಎದ್ದು ಅದೇ ಪಾರ್ಟಿಶನ್ ನೋಡಿದರೆ ಅರೆಬರೆ ಮುಚ್ಚಿದ ಡಿಸ್ಕ್ ಕಾಣುತ್ತದೆ, ಚೆಕ್‌ಡಿಸ್ಕ್ ಓಡುತ್ತದೆ. 7ರಲ್ಲಿ ಫೈಲ್ ಬರೆದು ಮತ್ತೆ 8ಕ್ಕೆ ಬಂದರೆ ಬರೆದದ್ದು ಹಾಳಾಗುವ ಸಂಭವವೂ ಇದೆ. ಲಿನಕ್ಸ್ ಇಟ್ಟುಕೊಂಡವರಿಗೂ ಇದೇ ಗತಿ, ಅದು ಆ ಪಾರ್ಟಿಶನ್ ಮೌಂಟ್ ಮಾಡಲು (ಬಳಕೆಗೆ ತೆರೆಯಲು) ಒಪ್ಪದೆ ಇರಬಹುದು.

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’. ಮೇಲೆ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತದ ಹೊರತು ಕೆಳಗಿನ ಟಿಕ್ ಮಸುಕಾಗಿಯೇ ಇರುತ್ತದೆ. ಒತ್ತಿ, ‘ಫಾಸ್ಟ್ ಸ್ಟಾರ್ಟಪ್’ ಟಿಕ್ ತೆಗೆಯಿರಿ. ಆಮೇಲೆ ಒಮ್ಮೆ ಶಟ್‌ಡೌನ್ ಮಾಡಿ, ವಿಂಡೋಸ್ 7ಕ್ಕೆ ಹೋಗಿ, ಚೆಕ್‌ಡಿಸ್ಕ್ ಒಂದೇ ಒಂದು ಸಲ ಪೂರ್ತಿ ಓಡಲು ಬಿಡಿ. ಅವಸರಕ್ಕೆ ಕೀಲಿ ಒತ್ತಿ ತಪ್ಪಿಸಬೇಡಿ. ಕರೆಂಟ್ ನಂಬಿಕೆ ಇಲ್ಲದಿದ್ದರೆ ಯುಪಿಎಸ್ ಬ್ಯಾಟರಿ ತುಂಬಿದ ಮೇಲೆ ಶುರು ಮಾಡಿ.

ಸ್ಟಾರ್ಟ್ ಸ್ಕ್ರೀನಿಗೆ ಶಟ್‌ಡೌನ್ ಗುಂಡಿ ಬೇಕೆಂದರೆ ಡೆಸ್ಕ್‌ಟಾಪಿನಲ್ಲಿ ನ್ಯೂ, ಶಾರ್ಟ್‌ಕಟ್, ಅಲ್ಲಿ ‘ಶಟ್‌ಡೌನ್ /ಎಸ್ /ಟಿ 0’ ಎಂದು ಇಂಗ್ಲಿಷಿನಲ್ಲಿ ಕೊಡಿ. ಕೊನೆಯದು ಸೊನ್ನೆ, ಓ ಅಲ್ಲ. ಈ ಆದೇಶ ಯಾವಾಗಲೂ ಪೂರ್ತಿ ಶಟ್‌ಡೌನನ್ನೇ ಮಾಡುತ್ತದೆ, ಅರೆನಿದ್ದೆಗೆ ಕಳಿಸಬೇಕಿದ್ದರೆ ‘/ಹೈಬ್ರಿಡ್’ ಅಂತ ಬೇರೆ ಸೇರಿಸಬೇಕು. ರೀಸ್ಟಾರ್ಟ್ ಕೂಡ ಪೂರ್ತಿಯೇ.

ಬೂಟ್ ಮೆನುವಿನಲ್ಲಿ 7 ಆರಿಸಿದರೆ ಮಷಿನ್ ಇನ್ನೊಂದು ಸಲ ಮೊದಲಿಂದ ಏಳುತ್ತಿರಬೇಕಲ್ಲ? ಆ ನೀಲಿ ಮೆನು ತೋರಿಸುವ ಹೊತ್ತಿಗೆ ಅರ್ಧ ವಿಂಡೋಸ್ 8 ಎದ್ದಿರುತ್ತದೆ. ಮೆನುವಿನ ಕೆಳಗೆ ‘ಚೇಂಜ್ ಡೀಫಾಲ್ಟ್ಸ್’ ಒತ್ತಿ ವಿಂಡೋಸ್ 7ನ್ನು ಡೀಫಾಲ್ಟ್ ಮಾಡಿ. ಹಳೆಯ ಕಪ್ಪು ಮೆನು ಬರುತ್ತದೆ, ಎರಡು ಸಲ ಏಳುವ ಕಾಟ ತಪ್ಪುತ್ತದೆ.

ಕೊಪ್ಪೀಕರ್_ರೋಡ್

ಒಂದು ಮಾತು ಯಾರೂ ಹೇಳಲಿಲ್ಲ. ಈ ಪ್ರಿವ್ಯೂಕ್ಕ ಆಯುಷ್ಯ ಐತಿ, 2013 ಜನವರಿ ಮಧ್ಯಕ್ಕ ಮುಗೀತೈತಿ. ರನ್‌ನ್ಯಾಗ ವಿನ್‌ವರ್ ಹೊಡದ್ರ ತಾರೀಕ ತೋರಸ್ತೈತಿ. ವಿಂಡೋಸ್ 7 ಮ್ಯಾಲೇ ಅಪ್‌ಗ್ರೇಡ್ ಮಾಡಿದವರಿಗೆ ಹಿಂದ ಹೋಗೂ ದಾರಿನ ಇಲ್ಲ, ಡಿವಿಡಿ ಹಾಕಿ ಮೊದಲಿಂದ ಸುರು. ನೀವು ಬ್ಯಾರೆ ಪಾರ್ಟಿಶನ್ ಹಿಡದದ್ದು ಶ್ಯಾಣೇತನ.

ತೆಗಿಯೂ ಮುಂದ ಹುಷಾರ್ರಿ. ಡಿವಿಡಿಯಿಂದ ಬೂಟ್ ಮಾಡಿ ಹಾಕಿದ್ರ ವಿಂಡೋಸ್ 8 ತನ್ನ ಪಾರ್ಟಿಶನ್‌ಗೆ ತಾನ ಸಿ ಅಂತ ಹೆಸರಿಟ್ಕೋತೈತಿ, 7ರಾಗ ನೋಡಿದ್ರ ಅದ ಪಾರ್ಟಿಶನ್‌ಗೆ ‘ಇ’ ಅಂತನೋ ಏನೋ ಬ್ಯಾರೆ ಅಕ್ಷರ ಇರ್ತೈತಿ. ಅಕ್ಷರ ನೋಡಿ ಫಾರ್ಮ್ಯಾಟ್ ಹೊಡದು ಡೇಟಾ ಕಳಕೊಂಬ್ಯಾಡ್ರಿ. ಈಗs ಪ್ರತಿಯೊಂದಕ್ಕೂ ‘ವಿಂಡೋಸ್7’, ‘ವಿಂಡೋಸ್8’, ‘ಪತ್ರಿಕಿ’ ಅಂತ ಲೇಬಲ್ ಹಚ್ಚಿಬಿಡ್ರಿ. ತೆಗಿಯೂದಾದ್ರ ಮೊದಲ ವಿಂಡೋಸ್ 7ಕ್ಕ ಹೋಗಿ ರನ್‌ನ್ಯಾಗ ಎಮ್‌ಎಸ್‌ಕಾನ್ಫಿಗ್ ಹೊಡೀರಿ, ಬೂಟ್, ವಿಂಡೋಸ್ 8 ಆರಿಸಿ ಡಿಲೀಟ್. ರೀಸ್ಟಾರ್ಟ್ ಮಾಡಿ 7 ನೆಟ್ಟಗ ಎದ್ದ ಮ್ಯಾಲೆ ಫಾರ್ಮ್ಯಾಟ್.

ಸಾಧನಕೇರಿ_ಲಿಪಿ, ಅಕ್ಟೋಬರ್ 2013

ಹಳೆಯ ಎಳೆ, ಆದರೂ ಹುಡುಕಿಕೊಂಡು ಬರುವವರಿಗಾಗಿ. ಈ ತಿಂಗಳ 17ರಂದು ಬಂದ 8.1ರಲ್ಲಿ ಸ್ಟಾರ್ಟ್ ಗುಂಡಿ ಮರಳಿದೆ. ಒತ್ತಿದರೆ ಬರುವುದು ಹಳೆಯ ಮೆನು ಅಲ್ಲ, ಅದೇ ಸ್ಟಾರ್ಟ್ ಸ್ಕ್ರೀನು. ಬಲ ಕ್ಲಿಕ್ ಮಾಡಿದರೆ ಮಾತ್ರ ಶಟ್‌ಡೌನ್ ಸಿಗುತ್ತದೆ. ಟಾಸ್ಕ್‌ಬಾರ್ ಪ್ರಾಪರ್ಟೀಸ್, ನ್ಯಾವಿಗೇಶನ್‌ಗೆ ಹೋಗಿ ಸೈನ್ ಇನ್ ಆದಾಗ ನೇರ ಡೆಸ್ಕ್‌ಟಾಪಿಗೇ ಇಳಿಯುವಂತೆ ಮಾಡಬಹುದು. ಕಿಟಕಿಗೊಂದು ಭಾಷೆಯ ಟಿಕ್ ಹಳೆಯ ಜಾಗದಲ್ಲೇ ಇದೆ. ನುಡಿಯನ್ನು ಅಡ್ಮಿನ್ ಆಗಿ ಓಡಿಸುವುದು ಇಲ್ಲಿಯೂ ತಪ್ಪಿದ್ದಲ್ಲ.